ಅಧಿಕಾರ ಇಳಿಯಿತು, ಭಾಷೆ ಇಳಿಯಲಿಲ್ಲ

ಸ್ಥಳೀಯ ಸಂಸ್ಥೆಗಳ ಚುನಾವಣೆಯು 2025ರ ಡಿಸೆಂಬರಿನಲ್ಲಿ ನಡೆದುಹೋಯಿತು. ಗೋಡೆಗಳ ಮೇಲೆ ಬರೆದ ಚಿಹ್ನೆಗಳನ್ನು ಅಳಿಸುವ ಕೆಲಸವನ್ನು ಎಲ್ಲ ಪಕ್ಷಗಳವರೂ ಒಮ್ಮತದಿಂದ ಮಳೆಗಾಲಕ್ಕೆ ವಹಿಸಿಕೊಟ್ಟರು. ಗೆದ್ದವರಿಗೆ ಹಾರತುರಾಯಿಗಳಾದುವು, ಕೆಲವು ಸನ್ಮಾನಗಳು ನಮ್ಮ ಶಾಲೆಗಳ ಅಂಗಳದಲ್ಲಿಯೇ, ನಮ್ಮ ಬೆಂಚುಗಳನ್ನೇ ಹೊರಗಿರಿಸಿ ನಡೆದುವು. ಆ ಸಮಾರಂಭಗಳಲ್ಲಿ ಭಾಷಣಕಾರರು ಒಬ್ಬರಾದ ಮೇಲೊಬ್ಬರು ಹೇಳಿದ ಮಾತು ಒಂದೇ: ಅಧಿಕಾರವು ಈಗ ರಾಜಧಾನಿಯಲ್ಲಿಲ್ಲ, ಜನರ ಮನೆಬಾಗಿಲಿಗೆ ಬಂದಿದೆ, ಈ ವಿಷಯದಲ್ಲಿ ಕೇರಳವು ಇಡಿಯ ಭಾರತಕ್ಕೆ ಮೇಲ್ಪಂಕ್ತಿ.

ಮಾತು ಸುಳ್ಳಲ್ಲ, ಅರ್ಧ ಸತ್ಯ. ಉಳಿದರ್ಧವನ್ನು ಹೇಳತಕ್ಕವರು ಚಂದ್ರಗಿರಿ ಹೊಳೆಯಿಂದ ಬಡಗಣ ಕನ್ನಡ ಶಾಲೆಗಳ ಅಧ್ಯಾಪಕರಾದ ನಾವು. ಬಾಗಿಲಿಗೆ ಬಂದ ಈ ಅತಿಥಿಯು ಹೊಸ್ತಿಲಲ್ಲಿ ನಿಂತು ಆಡುವ ಭಾಷೆಯು ಮನೆಯೊಳಗಿನವರಿಗೆ ತಿಳಿಯುವುದಿಲ್ಲವೆಂಬುದನ್ನು ದಿನವೂ ಕಾಣುತ್ತಿರುವವರು ನಾವೇ ಅಲ್ಲವೆ?

ಒಂದು ಸಂಗತಿಯಿಂದ ಆರಂಭಿಸುವೆವು. ನಮ್ಮ ಶಾಲೆಯಿಂದ ಒಂದು ಗುಡ್ಡದಾಚೆಗೆ ಒಂದು ಸರಕಾರಿ ಯು.ಪಿ. ಶಾಲೆಯಿದೆ. ಹೆಸರು ಬೇಡ, ಅಂಥದೊಂದು ಶಾಲೆ ವಾಚಕರ ಊರಿನ ಸಮೀಪದಲ್ಲಿಯೂ ಇದ್ದೀತು. ಕೆಲವು ವರ್ಷಗಳ ಹಿಂದೆ ಅಲ್ಲಿಯ ಕನ್ನಡ ಮಾಧ್ಯಮದ ಹುದ್ದೆಗೆ ಹೊಸಬರೊಬ್ಬರು ಬಂದರು. ತೆಂಕಣ ಜಿಲ್ಲೆಯವರು, ಸಾತ್ವಿಕರು, ಗಣಿತವನ್ನು ಚೆನ್ನಾಗಿ ಬಲ್ಲವರು. ಕನ್ನಡದ ಅರ್ಹತೆಯನ್ನು ತೋರಿಸುವ ಕಾಗದವೊಂದು ಅವರಲ್ಲಿತ್ತು, ಕನ್ನಡವಿರಲಿಲ್ಲ. ಆರನೆಯ ತರಗತಿಯಲ್ಲಿ ಭಿನ್ನರಾಶಿಯ ಪಾಠ ನಡೆಯುತ್ತಿತ್ತು. ಅಂಶ, ಛೇದ ಎಂಬೆರಡು ಶಬ್ದಗಳು ಕನ್ನಡಕ್ಕೂ ಮಲಯಾಳಕ್ಕೂ ಸಮಾನವಾದುದರಿಂದ ಮಕ್ಕಳು ಆ ಎರಡನ್ನು ಊರುಗೋಲಿನಂತೆ ಹಿಡಿದುಕೊಂಡು ಉಳಿದುದನ್ನು ಊಹಿಸಿದರು. ಊಹೆಯಿಂದ ಭಿನ್ನರಾಶಿಯನ್ನು ಕೂಡಿಸಲಾಗುವುದಿಲ್ಲ. ಅರ್ಧ ವರ್ಷ ಹಾಗೆಯೇ ಹೋಯಿತು. ಮಕ್ಕಳು ಕೆಟ್ಟರು, ನಿಜ ಹೇಳುವುದಾದರೆ ಆ ಅಧ್ಯಾಪಕರೂ ಕೆಟ್ಟರು. ದಿನವಿಡೀ ಮಾತಾಡಿದರೂ ಯಾರಿಗೂ ಮುಟ್ಟದವನ ಸಂಕಟವನ್ನು ನಾವು ಅವರ ಮುಖದಲ್ಲಿ ಕಂಡಿದ್ದೇವೆ.

ಹೆತ್ತವರು ಒಟ್ಟುಗೂಡಿ ಪಂಚಾಯತು ಕಚೇರಿಗೆ ಹೋದರು. ಅಧ್ಯಕ್ಷರು ಒಳ್ಳೆಯವರು, ಕುಳ್ಳಿರಿಸಿ ಚಹ ಕೊಡಿಸಿದರು. "ಶಾಲೆಯ ಹಂಚಿನ ವಿಷಯ ಹೇಳಿ, ಪಾಯಿಖಾನೆ ಹೇಳಿ, ಬಾವಿಯ ಕಟ್ಟೆ ಹೇಳಿ, ನಾಳೆಯೇ ಇಂಜಿನಿಯರರನ್ನು ಕಳುಹಿಸುತ್ತೇನೆ. ಮಾಸ್ತರರ ವಿಷಯ ನನ್ನ ಕೈಯಲ್ಲಿಲ್ಲ" ಎಂದರು. ಹೆತ್ತವರಲ್ಲೊಬ್ಬರು, ಬೀಡಿ ಕಟ್ಟುವ ಹೆಂಗಸು, ಮೆಲ್ಲನೆ ಕೇಳಿದರು: "ಹಂಚು ಸೋರದಿದ್ದರೆ ಸಾಕೆ? ಅದರ ಅಡಿಯಲ್ಲಿ ಕುಳಿತವರಿಗೆ ಪಾಠ ತಿಳಿಯುವುದು ಬೇಡವೆ?" ಅಧ್ಯಕ್ಷರು ಉತ್ತರ ಕೊಡಲಿಲ್ಲ. ಕೊಡುವ ಅಧಿಕಾರವೂ ಅವರಿಗಿರಲಿಲ್ಲ.

ಆ ಅಧ್ಯಕ್ಷರ ಮೇಲೆ ನಮಗೆ ಸಿಟ್ಟಿಲ್ಲ. ಅವರು ಹೇಳಿದುದು ಕಾಯಿದೆಯಂತೆ ನಿಜ. 1994ರ ಕೇರಳ ಪಂಚಾಯತ್ ರಾಜ್ ಕಾಯಿದೆಯು ಸರಕಾರಿ ಪ್ರಾಥಮಿಕ ಶಾಲೆಗಳನ್ನು ಗ್ರಾಮ ಪಂಚಾಯತುಗಳಿಗೂ ಹೈಸ್ಕೂಲುಗಳನ್ನು ಜಿಲ್ಲಾ ಪಂಚಾಯತಿಗೂ ವಹಿಸಿತು. 1995ರಲ್ಲಿ ಹಸ್ತಾಂತರದ ಆಜ್ಞೆಯೂ ಹೊರಟಿತು. ಆದರೆ ಹಸ್ತಾಂತರವಾದುದು ಕಟ್ಟಡ, ನೆಲ, ದುರಸ್ತಿ, ಊಟದ ಕೊಟ್ಟಿಗೆ. ಅಧ್ಯಾಪಕರನ್ನು ಆರಿಸುವುದು ಪಬ್ಲಿಕ್ ಸರ್ವಿಸ್ ಕಮಿಷನು. ಸಂಬಳ ಕೊಡುವುದು, ವರ್ಗ ಮಾಡುವುದು, ಹುದ್ದೆ ಇದೆ ಅಥವಾ ಇಲ್ಲವೆಂದು ತೀರ್ಮಾನಿಸುವುದು ಇಲಾಖೆ. ನಮ್ಮ ಕನ್ನಡ ಶಾಲೆಗಳಲ್ಲಿ ಬಹಳಷ್ಟು ಅನುದಾನಿತ ಶಾಲೆಗಳಷ್ಟೆ. ಅಲ್ಲಿ ನೇಮಿಸುವವರು ಮ್ಯಾನೇಜರರು, ಸಂಬಳ ಸರಕಾರದ್ದು, ಪಂಚಾಯತಿಗೆ ಇವೆರಡರಲ್ಲಿಯೂ ಪ್ರವೇಶವಿಲ್ಲ. ಹೀಗೆ ಅಧಿಕಾರವು ಮೇಲಿನಿಂದ ಕೆಳಗೆ ಇಳಿದು ಬರುವಾಗ ಶಾಲೆಯ ದೇಹವನ್ನು ಹೊತ್ತು ತಂದಿತು. ಪ್ರಾಣವನ್ನು ಸುಮಾರು 600 ಕಿಲೋಮೀಟರು ದೂರದ ತಿರುವನಂತಪುರದಲ್ಲಿಯೇ ಬಿಟ್ಟು ಬಂದಿತು.

ಇದರಲ್ಲಿ ಏನು ಅನ್ಯಾಯ, ಮಲಯಾಳ ಶಾಲೆಗಳಿಗೂ ಇದೇ ನಿಯಮವಲ್ಲವೆ ಎಂದು ಕೇಳುವವರಿದ್ದಾರೆ. ಹೌದು, ಅದೇ ನಿಯಮ. ಆದರೆ ಪಾಲಕ್ಕಾಡಿನ ಮಲಯಾಳ ಶಾಲೆಗೆ ತಿರುವನಂತಪುರದಿಂದ ಯಾರನ್ನು ಕಳುಹಿಸಿದರೂ ಅವರು ಮಲಯಾಳ ಬಲ್ಲವರೇ ಆಗಿರುತ್ತಾರೆ. ಒಂದೇ ಅಳತೆಯ ಅಂಗಿಯನ್ನು ಎಲ್ಲರಿಗೂ ಹೊಲಿದು ಇದು ಸಮಾನತೆ ಎನ್ನುವ ದರ್ಜಿಯನ್ನು ನಾವು ಮೆಚ್ಚಬೇಕಾಗಿಲ್ಲ.

ಇಲ್ಲಿ ನಾವು ಒಂದು ಸಂವಿಧಾನ ವಿಧಿಯನ್ನು ವಾಚಕರ ಮುಂದಿಡಬಯಸುತ್ತೇವೆ. 350ಎ ವಿಧಿಯು ಏಳನೆಯ ತಿದ್ದುಪಡಿಯ ಮೂಲಕ ಸೇರಿತು. ಆ ತಿದ್ದುಪಡಿ ಜಾರಿಗೆ ಬಂದುದು 1956ರ ನವೆಂಬರು 1ರಂದು. ಕಾಸರಗೋಡು ತಾಲೂಕು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದುದೂ ಅದೇ ದಿನ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ದೊರೆಯಲು ತಕ್ಕ ಸೌಕರ್ಯ ಒದಗಿಸಲು ಯತ್ನಿಸತಕ್ಕವರು ಯಾರು? ಪ್ರತಿಯೊಂದು ರಾಜ್ಯ ಎಂದಷ್ಟೇ ಹೇಳಿ ಆ ವಿಧಿಯು ನಿಲ್ಲುವುದಿಲ್ಲ. ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಎಂದು ಸೇರಿಸುತ್ತದೆ. ನಮ್ಮ ಹಿರಿಯರು ಈ ವಿಧಿಯನ್ನು ವಿಜ್ಞಾಪನೆಗಳಲ್ಲಿ ಎಷ್ಟು ಸಾರಿ ಬರೆದಿದ್ದಾರೋ ತಿಳಿಯದು. ಆದರೆ ಆ ಎರಡನೆಯ ಮಾತಿನ ಮೇಲೆ ಬೆರಳಿಟ್ಟವರು ವಿರಳ. ಸಂವಿಧಾನವು ಹೊರೆಯನ್ನು ಹೆಸರು ಹಿಡಿದು ಪಂಚಾಯತಿನ ಹೆಗಲಿಗೇರಿಸಿದೆ. 1994ರ ಕಾಯಿದೆಯು ಆ ಹೆಗಲಿಗೆ ಬಲವನ್ನು ಕೊಡಲಿಲ್ಲ. ಕನ್ನಡದ ಮಗುವಿಗೆ ಕನ್ನಡದ ಅಧ್ಯಾಪಕರನ್ನು ಕೊಡಲಾರದ ಪಂಚಾಯತು 350ಎ ವಿಧಿಯನ್ನು ಪಾಲಿಸುವುದು ಹೇಗೆ? ಹಂಚು ಹೊದೆಸಿಯೆ?

ಈ ವಿಕೇಂದ್ರೀಕರಣದ ಚರಿತ್ರೆಯು ಒಮ್ಮೆಲೆ ಆದುದಲ್ಲ. ಅದರ ಪ್ರತಿಯೊಂದು ತಿರುವಿನಲ್ಲಿಯೂ ನಾವು ದಾರಿಯ ಪಕ್ಕದಲ್ಲಿ ನಿಂತಿದ್ದೆವು. 1956ಕ್ಕೆ ಮುಂಚೆ ನಮ್ಮ ಊರುಗಳ ಅನೇಕ ಶಾಲೆಗಳನ್ನು ನಡೆಸುತ್ತಿದ್ದುದು ಮಂಗಳೂರಿನಲ್ಲಿ ಕಚೇರಿಯಿದ್ದ ಜಿಲ್ಲಾ ಬೋರ್ಡು. ಇಂದಿಗೂ ಕೆಲವು ಅಜ್ಜಂದಿರ ಬಾಯಲ್ಲಿ 'ಬೋರ್ಡು ಶಾಲೆ' ಎಂಬ ಮಾತು ಉಳಿದಿದೆ. ಆ ಬೋರ್ಡು ರಾಮರಾಜ್ಯವಾಗಿತ್ತೆಂದು ನಾವು ಹೇಳಹೊರಟಿಲ್ಲ. ಉಳ್ಳವರ ಮಾತೇ ಅಲ್ಲಿ ನಡೆಯುತ್ತಿದ್ದಿತು. ಆದರೆ ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರು ನಡೆದರೆ ಸಿಗುವ ಕಚೇರಿ ಅದು. ಅಲ್ಲಿ ಹೇಳಿದುದು ಅಲ್ಲಿಯವರಿಗೆ ತಿಳಿಯುತ್ತಿದ್ದಿತು. 1957ರ ಜನವರಿಯಲ್ಲಿ ಮಲಬಾರು ಮೂರು ಜಿಲ್ಲೆಗಳಾಗಿ ಒಡೆದಾಗ ನಾವು ಕಣ್ಣೂರಿನ ಪಾಲಾದೆವು. ಅದೇ ವರ್ಷ ಬಂದ ನಂಬೂದಿರಿಪಾಡರ ಮಂತ್ರಿಮಂಡಲವು ಆಡಳಿತ ಸುಧಾರಣಾ ಸಮಿತಿಯನ್ನು ರಚಿಸಿ, ಅಧಿಕಾರವನ್ನು ಕೆಳಗಿಳಿಸುವ ಮಸೂದೆಗಳನ್ನು ಸಿದ್ಧಪಡಿಸಿತು. 1959ರ ಜುಲೈ 31ರಂದು ಮಂತ್ರಿಮಂಡಲವನ್ನೇ ವಜಾ ಮಾಡಿದುದರಿಂದ ಜಿಲ್ಲಾ ಕೌನ್ಸಿಲಿನ ಮಸೂದೆಯೂ ಅದರೊಂದಿಗೆ ಮುಳುಗಿತು. 1979ರಲ್ಲಿ ಜಿಲ್ಲಾಡಳಿತದ ಕಾಯಿದೆಯಾಯಿತು. ಅದರಂತೆ ಜಿಲ್ಲಾ ಕೌನ್ಸಿಲುಗಳು ಅಸ್ತಿತ್ವಕ್ಕೆ ಬರಲು 1991 ಆಗಬೇಕಾಯಿತು. ಬಂದ ಅಲ್ಪಕಾಲದಲ್ಲಿಯೇ ಅವುಗಳ ರೆಕ್ಕೆಗಳನ್ನು ಕತ್ತರಿಸಲಾಯಿತು. ಈ ನಡುವೆ 1984ರ ಮೇ 24ರಂದು ಕಾಸರಗೋಡು ಬೇರೆ ಜಿಲ್ಲೆಯಾದುದೊಂದು ಸಂತೋಷ.

ಅನಂತರ ಬಂದುದು 1996ರ ಆಗಸ್ಟಿನ ಜನಕೀಯ ಯೋಜನೆ. ರಾಜ್ಯದ ಯೋಜನಾ ವೆಚ್ಚದಲ್ಲಿ ನೂರಕ್ಕೆ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳ ಕೈಗೆ ಕೊಡುವ ಧೈರ್ಯವನ್ನು ಬೇರೆ ಯಾವ ರಾಜ್ಯವೂ ಅಂದು ಮಾಡಿರಲಿಲ್ಲ. ಇದನ್ನು ಹೊಗಳಲು ನಮಗೆ ಸಂಕೋಚವಿಲ್ಲ. ನಮ್ಮಲ್ಲಿ ಕೆಲವರು ಆಗ ಚಡ್ಡಿ ಹಾಕಿ ಎರಡನೆಯ ತರಗತಿಯಲ್ಲಿ ಕುಳಿತಿದ್ದವರು; ಶಾಲೆಗೆ ರಜೆ ಕೊಟ್ಟು ದೊಡ್ಡವರು ಗುಂಪು ಗುಂಪಾಗಿ ಕುಳಿತು ರಸ್ತೆ, ತೋಡು, ಬಾವಿಗಳ ಲೆಕ್ಕ ಬರೆಯುತ್ತಿದ್ದ ಚಿತ್ರವು ಕಣ್ಣಮುಂದಿದೆ. ಊರಿಗೆ ಊರೇ ಎದ್ದು ಕುಳಿತಿತ್ತು. ಆದರೆ ಬರೆದವರು ಯಾವ ಭಾಷೆಯಲ್ಲಿ ಬರೆದರು? ನಮ್ಮ ವಾರ್ಡಿನ ಗುಂಪಿನಲ್ಲಿ ಮಲಯಾಳ ಬರೆಯಬಲ್ಲವರು ಇಬ್ಬರು. ಆದುದರಿಂದ ಊರಿನ ಬೇಡಿಕೆಗಳು ಆ ಇಬ್ಬರ ಬೇಡಿಕೆಗಳಾದುವು. ಅವರು ವಂಚಕರಾಗಿರಲಿಲ್ಲ. ಲೇಖನಿ ಯಾರ ಕೈಯಲ್ಲಿದೆಯೋ ಅವರ ಬಾವಿಯ ಹೆಸರು ಮೊದಲು ಬರುವುದು ಮನುಷ್ಯ ಸ್ವಭಾವ.

ಇಂದಿಗೂ ಗ್ರಾಮಸಭೆಯ ಸ್ಥಿತಿ ಇದೇ. ಕಾಯಿದೆಯಂತೆ ಪ್ರತಿಯೊಂದು ವಾರ್ಡಿನ ಮತದಾರರೆಲ್ಲರೂ ಸೇರಿ ಒಂದು ಗ್ರಾಮಸಭೆ. ಮೂರು ತಿಂಗಳಿಗೊಮ್ಮೆಯಾದರೂ ಅದು ಕೂಡತಕ್ಕದ್ದು. ವಾರ್ಡಿನ ಸದಸ್ಯರೇ ಅದರ ಸಂಚಾಲಕರು. ಮನೆ, ಪಿಂಚಣಿ, ದನದ ಕೊಟ್ಟಿಗೆ, ಅಡಿಕೆ ತೋಟದ ನೀರು, ಎಲ್ಲದರ ಫಲಾನುಭವಿಗಳ ಪಟ್ಟಿ ಅಲ್ಲಿ ಓದಲ್ಪಡುತ್ತದೆ. ನಮ್ಮ ಶಾಲೆಯಲ್ಲಿ ಕೂಡುವ ಸಭೆಯ ನೋಟೀಸು ಮಲಯಾಳದಲ್ಲಿ ಬರುತ್ತದೆ, ಅರ್ಜಿಯ ನಮೂನೆ ಮಲಯಾಳದಲ್ಲಿರುತ್ತದೆ, ನಡಾವಳಿಯೂ ಅದರಲ್ಲಿಯೇ. ಕಳೆದ ವರ್ಷ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ನಮೂನೆಯನ್ನು ಹಿಡಿದುಕೊಂಡು ತರಗತಿಯ ಬಾಗಿಲಿಗೆ ಬಂದರು. ಅವರು ಮನೆಯಲ್ಲಿ ಆಡುವುದು ತುಳು, ಓದಲು ಕಲಿತುದು ಕನ್ನಡ. ನಮ್ಮ ನಾಲ್ಕನೆಯ ತರಗತಿಯ ಹುಡುಗನೊಬ್ಬನು ಅಕ್ಷರಕ್ಕೆ ಅಕ್ಷರ ಕೂಡಿಸಿ ಮಲಯಾಳವನ್ನು ಓದಿ ತುಳುವಿನಲ್ಲಿ ಅರ್ಥ ಹೇಳಿದನು. ಒಂಬತ್ತು ವರ್ಷದ ಮಗುವು ಪಂಚಾಯತಿನ ದುಭಾಷಿ! ನಾವು ಹೆಮ್ಮೆಪಡಬೇಕೋ ನಾಚಬೇಕೋ ತಿಳಿಯದೆ ನಿಂತೆವು. ಮಲಯಾಳವನ್ನು ಕಲಿಯುವುದಕ್ಕೆ ನಮ್ಮ ಆಕ್ಷೇಪವಿಲ್ಲವೆಂಬುದಕ್ಕೆ ಆ ಹುಡುಗನೇ ಸಾಕ್ಷಿ. ನಾವೇ ಅವನಿಗೆ ಆ ಅಕ್ಷರಗಳನ್ನು ತಿದ್ದಿಸಿದವರು. ಆದರೆ ಅಜ್ಜಿಯ ಪಿಂಚಣಿಯು ಮೊಮ್ಮಗನ ಪಾಠದ ಮೇಲೆ ನಿಲ್ಲತಕ್ಕದ್ದಲ್ಲ. 1969ರ ರಾಜ್ಯಭಾಷಾ ಕಾಯಿದೆಯಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿಯೇ ಸರಕಾರದೊಡನೆ ಪತ್ರವ್ಯವಹಾರ ನಡೆಸಲು ಅವಕಾಶವಿದೆ, ಉತ್ತರವೂ ಅದೇ ಭಾಷೆಯಲ್ಲಿ ಬರತಕ್ಕದ್ದು. ನಾವು ಕನ್ನಡದಲ್ಲಿ ಬರೆದ ಕಾಗದಕ್ಕೆ ಒಂದು ಕಚೇರಿಯಿಂದ ಮಲಯಾಳದಲ್ಲಿ ಉತ್ತರ ಬಂದಿತು: ಅರ್ಜಿಯು ಓದುವಂತಿಲ್ಲ ಎಂದು.

ಇನ್ನು ಪುನರ್ವಿಂಗಡಣೆಯ ವಿಷಯ. ಈಗಿನ ಪಂಚಾಯತುಗಳು ಹೊಸ ಗೆರೆಗಳ ಮೇಲೆ ನಿಂತಿವೆಯೆಂಬುದನ್ನು ವಾಚಕರು ಬಲ್ಲರು. 2024ರಲ್ಲಿ ಕಾಯಿದೆಯನ್ನು ತಿದ್ದಿ, ಗ್ರಾಮ ಪಂಚಾಯತಿನಲ್ಲಿ ಇರಬೇಕಾದ ವಾರ್ಡುಗಳ ಸಂಖ್ಯೆಯನ್ನು 13ರಿಂದ 23ರವರೆಗೆ ಎಂದಿದ್ದುದನ್ನು 14ರಿಂದ 24ರವರೆಗೆ ಎಂದು ಮಾಡಿದರು; ಒಂದು ವಾರ್ಡು ಹೆಚ್ಚಿದರೂ ಪಂಚಾಯತಿನ ಎಲ್ಲ ಗೆರೆಗಳೂ ಅತ್ತಿತ್ತ ಸರಿಯುತ್ತವೆ. ಗೆರೆ ಎಳೆಯುವವರು 2011ರ ಜನಗಣತಿಯನ್ನೂ ತೋಡು, ರಸ್ತೆಗಳನ್ನೂ ನೋಡಿದರು. ಭಾಷೆಯನ್ನು ನೋಡಬೇಕೆಂದು ಯಾವ ನಿಯಮವೂ ಅವರಿಗೆ ಹೇಳಿರಲಿಲ್ಲ. ವಾರ್ಡಿನ ಗೆರೆಯೇ ಗ್ರಾಮಸಭೆಯ ಗೆರೆಯಾದುದರಿಂದ ಒಂದು ಕನ್ನಡ ಶಾಲೆಯ ಸುತ್ತಣ ಮನೆಗಳು ಎರಡು ವಾರ್ಡುಗಳಿಗೆ ಹಂಚಿಹೋದರೆ ಎರಡು ಸಭೆಗಳಲ್ಲಿಯೂ ಶಾಲೆಯು ಅನಾಥವಾಗುತ್ತದೆ. ನಮ್ಮ ಶಾಲೆಗೆ ಆಗಿರುವುದು ಇದೇ. ಅಂಗಳವು ಒಂದು ವಾರ್ಡಿನಲ್ಲಿ, ಮಕ್ಕಳ ಮನೆಗಳಲ್ಲಿ ಅರ್ಧದಷ್ಟು ಇನ್ನೊಂದರಲ್ಲಿ.

ಯಾರನ್ನು ದೂರೋಣ? ಕರಡು ಗೆರೆಗಳನ್ನು ಪ್ರಕಟಿಸಿ ಆಕ್ಷೇಪಗಳನ್ನು ಕೇಳಿದುದು 2024ರ ನವೆಂಬರಿನಲ್ಲಿ. ನವೆಂಬರಿನಲ್ಲಿ ಕನ್ನಡಿಗರು ಏನು ಮಾಡುತ್ತಿರುತ್ತಾರೆಂಬುದನ್ನು ಹೇಳಬೇಕೆ? ನಾವು ರಾಜ್ಯೋತ್ಸವದಲ್ಲಿದ್ದೆವು. ಭುವನೇಶ್ವರಿಯ ಚಿತ್ರಕ್ಕೆ ಮಾಲೆ ಹಾಕಿ, ಗಡಿನಾಡಿನಲ್ಲಿ ಕನ್ನಡದ ಉಳಿವು ಎಂಬ ವಿಷಯದ ಮೇಲೆ ಒಬ್ಬರಾದ ಮೇಲೊಬ್ಬರು ಮಾತಾಡುತ್ತಿದ್ದೆವು. ಪಂಚಾಯತು ಕಚೇರಿಯ ಹಲಗೆಯಲ್ಲಿ ತೂಗುತ್ತಿದ್ದ ಕಾಗದವನ್ನು ನಮ್ಮಲ್ಲಿ ಒಬ್ಬರೂ ಓದಲಿಲ್ಲ. ಈ ಲೇಖನವನ್ನು ಬರೆಯುತ್ತಿರುವ ಕೈಯೂ ಆ ದಿನ ಮಾಲೆ ಕಟ್ಟುತ್ತಿದ್ದಿತು.

ಜನಗಣತಿಯ ಮಾತು ಬಂದುದರಿಂದ ಇನ್ನೊಂದು ವಿಷಯವನ್ನು ಹೇಳಿಯೇ ಮುಂದುವರಿಯಬೇಕು. 2011ರ ಗಣತಿಯಂತೆ ನಮ್ಮ ಜಿಲ್ಲೆಯಲ್ಲಿ ತುಳುವನ್ನು ಮಾತೃಭಾಷೆಯಾಗಿ ಬರೆಯಿಸಿದವರು ಕನ್ನಡವನ್ನು ಬರೆಯಿಸಿದವರಿಗಿಂತ ಹೆಚ್ಚು. ಕೊಂಕಣಿ, ಮರಾಠಿಯವರೂ ಇದ್ದಾರೆ. ಇವರ ಮಕ್ಕಳಲ್ಲಿ ಬಹಳ ಮಂದಿ ಓದುವುದು ನಮ್ಮ ತರಗತಿಗಳಲ್ಲಿ, ಕನ್ನಡದ ಪುಸ್ತಕಗಳಲ್ಲಿ. ಗಣತಿಯವನು ಮನೆಯ ಭಾಷೆಯನ್ನು ಕೇಳುತ್ತಾನೆ. ಶಾಲೆಯು ಪುಸ್ತಕದ ಭಾಷೆಯನ್ನು ಕೇಳುತ್ತದೆ. ಈ ಎರಡರ ನಡುವಿನ ವ್ಯತ್ಯಾಸವನ್ನು ಹಿಡಿದುಕೊಂಡು 'ಕನ್ನಡಿಗರು ಇಷ್ಟೇ ಮಂದಿ' ಎನ್ನುವ ಅಂಕಿ ಅಂಶವು ನಮ್ಮ ಮೇಲೆ ಪ್ರಯೋಗವಾಗುತ್ತದೆ. ದೂರದ ಕಚೇರಿಗೆ ಈ ಸೂಕ್ಷ್ಮವು ತಿಳಿಯದು. ಮಂಜೇಶ್ವರದ ಒಂದು ಚಹದಂಗಡಿಯಲ್ಲಿ ಅರ್ಧ ಗಂಟೆ ಕುಳಿತವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹತ್ತಿರದ ಆಡಳಿತವು ಬೇಕೆನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವನ್ನು ನಾವು ಕಾಣೆವು.

ಹಾಗಾದರೆ ಬೇಕಾದುದೇನು? ಗುಡ್ಡದಾಚೆಯ ಆ ಒಂದು ಹುದ್ದೆಯ ವಿಷಯವನ್ನು ಒಂದು ಗ್ರಾಮ ಪಂಚಾಯತಿಗೆ ಕೊಟ್ಟರೆ ನಡೆಯದು; ಮೂರು ಶಾಲೆ, ಹತ್ತು ಹುದ್ದೆಗಳಿಗಾಗಿ ಭಾಷಾಪರೀಕ್ಷೆ, ಅನುವಾದ, ಅಚ್ಚು ಇವನ್ನೆಲ್ಲ ಒಂದು ಪಂಚಾಯತು ನಡೆಸಲಾರದು. ಜಿಲ್ಲಾ ಪಂಚಾಯತಿಗೆ ಕೊಟ್ಟರೂ ಪೂರ್ತಿ ಪ್ರಯೋಜನವಾಗದು. 18 ವಿಭಾಗಗಳ ಆ ಸಭೆಯಲ್ಲಿ ಹೊಳೆಯಿಂದ ತೆಂಕಣವರ ಧ್ವನಿಯೇ ದೊಡ್ಡದು, ಅದು ಸಹಜವೂ ಹೌದು. ಆದುದರಿಂದ ಭಾಷಾ ಅಲ್ಪಸಂಖ್ಯಾತ ಪ್ರದೇಶಗಳಾದ ಪಂಚಾಯತುಗಳೆಲ್ಲ ಸೇರಿ ಒಂದು ಕನ್ನಡ ಪ್ರದೇಶ ಶಿಕ್ಷಣ ಮಂಡಲಿಯು ಶಾಸನದ ಮೂಲಕವೇ ಏರ್ಪಡಬೇಕು. ಸರಕಾರಿ ಆಜ್ಞೆಯಿಂದ ಹುಟ್ಟಿ ಇನ್ನೊಂದು ಆಜ್ಞೆಯಿಂದ ಸಾಯುವ ಸಲಹಾ ಸಮಿತಿಗಳನ್ನು ನಾವು ಸಾಕಷ್ಟು ಕಂಡಿದ್ದೇವೆ. ಪ್ರತಿಯೊಂದು ಪಂಚಾಯತು ತನ್ನ ಸದಸ್ಯರಲ್ಲಿ ಒಬ್ಬರನ್ನು ಕಳುಹಿಸಲಿ. ಹೆತ್ತವರೂ ಅಧ್ಯಾಪಕರೂ ತಮ್ಮವರನ್ನು ಆರಿಸಲಿ. ಪಬ್ಲಿಕ್ ಸರ್ವಿಸ್ ಕಮಿಷನಿನ ಅಧಿಕಾರವನ್ನು ಈ ಮಂಡಲಿಯು ಕಸಿದುಕೊಳ್ಳುವುದು ಬೇಡ. ಕಮಿಷನು ಆರಿಸಿದವರೇ ಬರಲಿ. ಆದರೆ ಕನ್ನಡ ಮಾಧ್ಯಮದ ಹುದ್ದೆಗೆ ಬರುವವರು, ಸರಕಾರಿ ಶಾಲೆಯವರಾಗಲಿ ಮ್ಯಾನೇಜರರು ನೇಮಿಸಿದವರಾಗಲಿ, ಒಂದು ತರಗತಿಯ ಮುಂದೆ ನಿಂತು ಒಂದು ಗಂಟೆ ಕನ್ನಡದಲ್ಲಿ ಪಾಠ ಮಾಡಿ ತೋರಿಸಲಿ. ಮಂಡಲಿಯು ಒಪ್ಪಿ ರುಜು ಹಾಕಿದ ಮೇಲೆ ನೇಮಕವು ಊರ್ಜಿತವಾಗಲಿ. ಕಾಗದವನ್ನು ಪರೀಕ್ಷಿಸುವವರು ದೂರದಲ್ಲಿರಬಹುದು; ನಾಲಗೆಯನ್ನು ಪರೀಕ್ಷಿಸುವವರು ಇಲ್ಲಿಯೇ ಇರಬೇಕು. ಪಠ್ಯಪುಸ್ತಕಗಳ ಕನ್ನಡವನ್ನು ತಿದ್ದುವುದೂ, ಗ್ರಾಮಸಭೆಯ ನೋಟೀಸು, ನಮೂನೆ, ನಡಾವಳಿಗಳು ಕನ್ನಡದಲ್ಲಿಯೂ ಇರುವಂತೆ ನೋಡಿಕೊಳ್ಳುವುದೂ ಅದರ ಕೆಲಸವಾಗಲಿ. ಯೋಜನೆಯ ಹಣದಲ್ಲಿ ಅದಕ್ಕೊಂದು ಪಾಲಿರಲಿ. ಹಣವಿಲ್ಲದ ಅಧಿಕಾರವು ಚೆಂಡೆಯಿಲ್ಲದ ಆಟದಂತೆ.

ಇದು ಪ್ರತ್ಯೇಕತೆಯ ಮೊದಲ ಹೆಜ್ಜೆ ಎಂದು ಗಾಬರಿಗೊಳ್ಳುವವರಿಗೆ ದೂರದ ಒಂದು ದೇಶದ ಉದಾಹರಣೆಯನ್ನು ಹೇಳುವೆವು. ಬೆಲ್ಜಿಯಮಿನ ಮೂಡಣ ಅಂಚಿನಲ್ಲಿ ಜರ್ಮನ್ ಭಾಷಿಕರ ಒಂದು ಸೀಮೆಯಿದೆ. ಅದರ ಮುಖ್ಯ ಪಟ್ಟಣ ಆಯ್ಪೆನ್. ಮೊದಲನೆಯ ಮಹಾಯುದ್ಧದ ಅನಂತರ, 1919ರ ವರ್ಸೇಲ್ಸ್ ಒಪ್ಪಂದದ ಫಲವಾಗಿ ಗಡಿ ಸರಿದು ಅವರು ಬೇರೆ ದೇಶದ ಪ್ರಜೆಗಳಾದರು. ನಮ್ಮಂತೆಯೇ, ಅವರು ಕದಲಲಿಲ್ಲ, ಗೆರೆ ಕದಲಿತು. 1977ರಲ್ಲಿ ಆ ದೇಶವು ತನ್ನ 2,359 ಪುರಸಭೆಗಳನ್ನು ಕೂಡಿಸಿ 596ಕ್ಕೆ ಇಳಿಸಿದಾಗ ಈ ಸೀಮೆಗೆ ಒಂಬತ್ತು ಪುರಸಭೆಗಳು ಉಳಿದುವು. ಆ ಒಂಬತ್ತಕ್ಕೂ ಸೇರಿ 25 ಸದಸ್ಯರ ಒಂದು ಶಾಸನಸಭೆಯಿದೆ. 1989ರಲ್ಲಿ ಶಾಲೆಗಳ ಅಧಿಕಾರವು ಅವರಿಗೆ ದೊರೆಯಿತು. 2005ರಿಂದ ಆ ಪುರಸಭೆಗಳ ಮೇಲ್ವಿಚಾರಣೆಯೂ ಅವರದೇ. ಜನಸಂಖ್ಯೆ ಎಷ್ಟು? ಸುಮಾರು 80 ಸಾವಿರ. ನಮ್ಮ ಎರಡು ಮೂರು ದೊಡ್ಡ ಪಂಚಾಯತುಗಳಷ್ಟು. ನಾವು ಶಾಸನಸಭೆಯನ್ನು ಕೇಳುತ್ತಿಲ್ಲ, ಮಂತ್ರಿಗಳನ್ನು ಕೇಳುತ್ತಿಲ್ಲ. ಗಣಿತದ ಮಾಸ್ತರರಿಗೆ ಕನ್ನಡ ಬರುವುದೇ ಎಂದು ನೋಡುವ ಒಂದು ಮಂಡಲಿಯನ್ನು ಕೇಳುತ್ತಿದ್ದೇವೆ. ಅಷ್ಟನ್ನು ಕೊಟ್ಟ ಬೆಲ್ಜಿಯಮು ಈ ಜರ್ಮನರಿಂದಾಗಿ ಒಡೆದುಹೋಗಲಿಲ್ಲ. ಭಾರತದಲ್ಲಿಯೇ 2003ರಲ್ಲಿ ಬೋಡೋ ಜನರಿಗಾಗಿ ಅಸ್ಸಾಮಿನೊಳಗೆ ಏರ್ಪಟ್ಟ ಪ್ರಾದೇಶಿಕ ಮಂಡಲಿಗೆ ಶಿಕ್ಷಣವನ್ನೂ ವಹಿಸಿಕೊಟ್ಟಿದ್ದಾರಷ್ಟೆ. ಅವರು ಅದಕ್ಕೆ ತೆತ್ತ ರಕ್ತದ ಬೆಲೆಯನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಕೇಳುವವರು ಶಾಂತವಾಗಿರುವಾಗಲೇ ಕೊಡುವುದು ಸರಕಾರಗಳಿಗೆ ಶೋಭಿಸುವ ಕೆಲಸ.

ಈಗ ನಮ್ಮ ಹಿರಿಯರೊಡನೆ ಒಂದು ಮಾತು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿಯಿಂದ ಉತ್ತರದ ಭಾಗವು ಮೈಸೂರಿಗೆ ಸೇರತಕ್ಕದ್ದೆಂದು ವರದಿ ಕೊಟ್ಟಿತು. ಆ ವರದಿಯು ಕಾರ್ಯಗತವಾಗಲಿಲ್ಲ. ಅದಕ್ಕಾಗಿ ಲಾಠಿಯೇಟು ತಿಂದವರನ್ನೂ ಸೆರೆಮನೆ ಕಂಡವರನ್ನೂ ನಾವು ಕೈಮುಗಿದು ನೆನೆಯುತ್ತೇವೆ. ಆದರೆ ನಾವು ಹುಟ್ಟುವಾಗಲೇ ಆ ವರದಿಗೆ ಇಪ್ಪತ್ತು ವರ್ಷ ದಾಟಿದ್ದಿತು. ಒಂದನೆಯ ತರಗತಿಗೆ ಸೇರಿದ ಮಗುವು ನಾಲ್ಕು ವರ್ಷಗಳಲ್ಲಿ ನಮ್ಮ ಎಲ್.ಪಿ. ಶಾಲೆಯನ್ನು ಬಿಟ್ಟುಹೋಗುತ್ತದೆ, ರಾಜ್ಯಗಳ ಗಡಿ ಸರಿಯುವವರೆಗೆ ಅದು ಕಾಯುವುದಿಲ್ಲ. ಇಂಥ ಮಂಡಲಿಯನ್ನು ಕೇಳಿದರೆ ವಿಲೀನದ ಬೇಡಿಕೆ ದುರ್ಬಲವಾದೀತೆಂದು ಕಳೆದ ಸಭೆಯಲ್ಲಿ ಹಿರಿಯರೊಬ್ಬರು ನಮ್ಮನ್ನು ಗದರಿದರು. ಅವರ ಮೇಲಿನ ಗೌರವಕ್ಕೆ ಚ್ಯುತಿ ಬಾರದಂತೆ ಕೇಳುತ್ತೇವೆ: ಮಕ್ಕಳಿಲ್ಲದ ಕನ್ನಡ ಶಾಲೆಗಳನ್ನು ಕಟ್ಟಿಕೊಂಡು ಯಾವ ರಾಜ್ಯಕ್ಕೆ ವಿಲೀನವಾಗುವುದು? ಕಯ್ಯಾರ ಕಿಞ್ಞಣ್ಣ ರೈಯವರಿಗಿಂತ ದೊಡ್ಡ ಹೋರಾಟಗಾರರನ್ನು ನಮ್ಮ ನೆಲವು ಕಂಡಿಲ್ಲವಷ್ಟೆ. ಪೆರಡಾಲದ ಶಾಲೆಯಲ್ಲಿ ಅಧ್ಯಾಪಕರಾಗಿದ್ದ ಅವರು ಬದಿಯಡ್ಕ ಪಂಚಾಯತಿನ ಅಧ್ಯಕ್ಷತೆಯನ್ನೂ ವಹಿಸಿದ್ದರು. ವಿಲೀನವನ್ನು ಬೇಡುತ್ತಲೇ ಕೇರಳದ ಪಂಚಾಯತಿನ ಕುರ್ಚಿಯಲ್ಲಿ ಕುಳಿತು ಊರಿನ ಕೆಲಸ ಮಾಡಲು ಅವರಿಗೆ ಅಡ್ಡಿಯಾಗಲಿಲ್ಲ.

ನಮ್ಮ ವೃತ್ತಿಬಾಂಧವರಿಗೂ ಒಂದು ಮಾತಿದೆ, ಕಹಿಯಾದರೂ ಹೇಳಬೇಕು. ಜೂನ್ ತಿಂಗಳ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸುವಾಗ ನಮ್ಮೆಲ್ಲರ ಎದೆ ಹೊಡೆದುಕೊಳ್ಳುತ್ತದೆ. ಒಂದೆರಡು ತಲೆ ಕಡಿಮೆಯಾದರೆ ಡಿವಿಜನು ಹೋಯಿತು, ಡಿವಿಜನಿನೊಂದಿಗೆ ಹುದ್ದೆ ಹೋಯಿತು. ಆ ದಿನ ಕನ್ನಡದ ಮನೆ ಮನೆಗೂ ಅಲೆಯುವ ನಾವು ನಮ್ಮ ಸ್ವಂತ ಮಕ್ಕಳನ್ನು ಯಾವ ಬಸ್ಸಿಗೆ ಹತ್ತಿಸುತ್ತೇವೆ? ಹಳದಿ ಬಸ್ಸುಗಳ ಮೇಲೆ ಬರೆದ ಹೆಸರುಗಳು ಇಂಗ್ಲಿಷಿನವು. ನಮ್ಮ ಶಾಲೆಯ ಅಧ್ಯಾಪಕರ ಮಕ್ಕಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವವರು ಒಬ್ಬರು ಮಾತ್ರ; ಬೇರೆ ಶಾಲೆಗಳ ಲೆಕ್ಕವನ್ನು ಅವರವರೇ ಮಾಡಿಕೊಳ್ಳಲಿ. ಬೀಡಿ ಕಟ್ಟುವ ಆ ಹೆಂಗಸು ನಮ್ಮನ್ನು ನಂಬಿ ಮಗುವನ್ನು ಕಳುಹಿಸಿದ್ದಾರೆ. ಮಂಡಲಿಯು ನಾಳೆಯೇ ಬಂದರೂ ಅದರ ಮುಂದೆ ನಿಂತು ಮಾತಾಡುವ ನೈತಿಕ ಹಕ್ಕು ಮೊದಲು ಆಕೆಯದು, ಆಮೇಲೆ ನಮ್ಮದು.

ಸರಕಾರಿ ಶಾಲೆಯ ನಮಗೆ ಚುನಾವಣೆಗೆ ನಿಲ್ಲಲು ಬಾರದು. ಆದರೆ ಗ್ರಾಮಸಭೆಯಲ್ಲಿ ಮತದಾರರಾಗಿ ಕುಳಿತುಕೊಳ್ಳಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ನೂರಕ್ಕೆ ಹತ್ತು ಮತದಾರರು ಸೇರಿದರೆ ಕೋರಂ. ಹಲವು ಸಲ ಅಷ್ಟೂ ಸೇರುವುದಿಲ್ಲವೆಂಬುದನ್ನು ಬೆಂಚು ಹಾಕುವ ನಾವು ಬಲ್ಲೆವು. ನಮ್ಮ ವಾರ್ಡಿನ ಮುಂದಿನ ಸಭೆಗೆ ನಾವು ಐದು ಮಂದಿ ಹೋಗುವುದೆಂದು ಗೊತ್ತುಮಾಡಿದ್ದೇವೆ. ಮಂಡಲಿಯನ್ನು ಕೇಳುವ ಠರಾವನ್ನು ಕನ್ನಡದಲ್ಲಿ ಬರೆದಾಗಿದೆ. ಓದುವಂತಿಲ್ಲವೆಂಬ ನೆಪ ಬೇಡವೆಂದು ಅದರ ಮಲಯಾಳ ಅನುವಾದವನ್ನೂ ನಾವೇ ಮಾಡಿ ಜೊತೆಗಿಟ್ಟಿದ್ದೇವೆ. ಗುಡ್ಡದಾಚೆಯ ಹೆತ್ತವರು ತಮ್ಮ ವಾರ್ಡಿನಲ್ಲಿ ಅದನ್ನೇ ಮಂಡಿಸಲು ಒಪ್ಪಿದ್ದಾರೆ. ಪ್ರತಿಗಳು ಪತ್ರಿಕೆಯ ಈ ಸಂಚಿಕೆಯೊಂದಿಗೆ ಅಚ್ಚಾಗಿ ಸಂಘದ ಕೋಣೆಯಲ್ಲಿವೆ. ಬೇಕಾದವರು ತಮ್ಮ ವಾರ್ಡಿನ ಸಂಖ್ಯೆಯನ್ನು ತುಂಬಿಸಿಕೊಂಡು ಒಯ್ಯಬಹುದು.